ಓದಿ ಹೇಳಿದ ಮೇಲೆ ಸಹಿ

ನನ್ನ ಅಪ್ಪ ಆಳಂದದ ತಹಸೀಲ್ ಕಚೇರಿಯ ಮುಂದೆ ಅರ್ಜಿ ಬರೆಯುವವನು. ಬೇವಿನ ಮರದ ಬುಡದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕುಂಟು ಸ್ಟೂಲು. ಮೇಜಿನ ಮೇಲೆ ಬಿಳಿ ಹಾಳೆಯ ಕಟ್ಟು, ಹೆಬ್ಬೆಟ್ಟು ಒತ್ತುವ ನೀಲಿ ಶಾಯಿಯ ಪ್ಯಾಡು, ಗಾಳಿಗೆ ಹಾಳೆ ಹಾರದಂತೆ ಇಟ್ಟ ಒಂದು ಕರಿಕಲ್ಲು. ಪಿಂಚಣಿ ನಿಂತವರು, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದವರು, ಪಹಣಿಯಲ್ಲಿ ಅಣ್ಣನ ಹೆಸರು ಬಂದು ತಮ್ಮನದು ಬಾರದವರು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಅಪ್ಪನನ್ನು ಊರೆಲ್ಲ ಮಾಸ್ತರ್ ಎನ್ನುತ್ತದೆ. ಅವನು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವನಲ್ಲ.

ಅಪ್ಪನಿಗೆ ಒಂದು ಹಟ. ಬರೆದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ಯಾರ ಹೆಬ್ಬೆರಳನ್ನೂ ಪ್ಯಾಡಿಗೆ ತಾಗಗೊಡುವುದಿಲ್ಲ. 'ಮಾನ್ಯರೇ' ಎಂಬಲ್ಲಿಂದ 'ತಮ್ಮ ವಿಶ್ವಾಸಿ' ಎಂಬಲ್ಲಿಯವರೆಗೆ ಒಂದಕ್ಷರವನ್ನೂ ನುಂಗುವುದಿಲ್ಲ. ಬಂದವರು ಚಡಪಡಿಸುತ್ತಾರೆ.

"ಮಾಸ್ತರ್, ಬಸ್ ಹೋಗ್ತದ್ರಿ. ಜಲ್ದಿ ಒತ್ತಿಸ್ಕೋರಿ."

"ಬಸ್ ಇನ್ನೊಂದು ಬರ್ತದ. ಒತ್ತಿದ ಹೆಬ್ಬಟ್ಟು ವಾಪಸ್ ಬರಲ್ಲ. ಕುಂದ್ರು, ಕೇಳು."

ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಅವನಿಗೆ ಬುತ್ತಿ ಒಯ್ಯುತ್ತಿದ್ದವಳು ನಾನು. ಈ ಓದು ಮುಗಿಯುವತನಕ ಅವನು ಉಣ್ಣುತ್ತಿರಲಿಲ್ಲ, ಅವನು ಉಣ್ಣುವತನಕ ನಾನು ಮನೆಗೆ ಹೋಗುವಂತಿರಲಿಲ್ಲ. ಆಟದ ಹೊತ್ತೆಲ್ಲ ಬೇವಿನ ಮರದ ಕೆಳಗೆ ಕರಗುತ್ತಿತ್ತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾನು ಅವನಿಗೆ ಕೇಳುವಂತೆಯೇ ಗೊಣಗುತ್ತಿದ್ದೆ. ಓದಿ ಹೇಳುವ ಆ ಹಟಕ್ಕೆ ಕಾರಣವನ್ನು ಅವನು ನನಗೆ ಒಂದೇ ಒಂದು ಸಲ ಹೇಳಿದ್ದಾನೆ. ಮಟಕಿ ಎಂಬ ಹಳ್ಳಿಯಲ್ಲಿದ್ದ ನನ್ನ ಅಜ್ಜ, ಒಂದು ವರ್ಷದ ದುಡಿಮೆಯ ಕರಾರು ಎಂದು ನಂಬಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದನಂತೆ. ಏನಿಲ್ಲ, ಒತ್ತು ಎಂದಿದ್ದರಂತೆ. ಅದು ಒಂದು ವರ್ಷದ್ದಾಗಿರಲಿಲ್ಲ. ಅಜ್ಜನ ಹರೆಯವೆಲ್ಲ ಇನ್ನೊಬ್ಬರ ಹೊಲದಲ್ಲಿ ಕಳೆಯಿತು. ಅಜ್ಜ ಮಗನನ್ನು ಓದಲು ಹಾಕಿದ್ದು ಸಾಹೇಬನಾಗಲಿ ಎಂದಲ್ಲ, ಮನೆಯಲ್ಲಿ ಕಾಗದ ಓದುವವನು ಒಬ್ಬನಿರಲಿ ಎಂದು.

ಆ ಕಾಗದ ಓದುವವನ ಮಗಳು ನಾನು, ಡಾಕ್ಟರಾದೆ. ಆದೆ ಎಂದರೂ ಪೂರ್ತಿ ಆಗಿರಲಿಲ್ಲ. ಈ ಕಥೆ ಆ 'ಪೂರ್ತಿ'ಯದು.

ಇಲ್ಲಿ ಸರ್ಕಾರಿ ಸೀಟು ಕೂದಲೆಳೆಯಲ್ಲಿ ತಪ್ಪಿತು. ಖಾಸಗಿ ಸೀಟಿನ ದರ ಕೇಳಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅಳುವುದಕ್ಕೂ ಅದು ತೀರ ದೊಡ್ಡ ಮೊತ್ತ. ಹಿಮ ಬೀಳುವ ಒಂದು ದೂರದ ದೇಶದಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಸುತ್ತಾರೆಂದು ತಿಳಿದು ಅಲ್ಲಿಗೆ ಹೋದೆ. ಓದಿ ಬಂದೆ. ಹೊರದೇಶದಲ್ಲಿ ಓದಿದವರಿಗೆ ಇಲ್ಲಿ ಇನ್ನೊಂದು ಪರೀಕ್ಷೆ ಇದೆ. ಮೊದಲ ಸಲ ಫೇಲಾದೆ, ಎರಡನೇ ಸಲ ಪಾಸಾದೆ. ಅದಾದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅಂದರೆ ಹಿರಿಯ ಡಾಕ್ಟರುಗಳ ಕೈಕೆಳಗೆ ಆಸ್ಪತ್ರೆಯಲ್ಲಿ ದುಡಿಯುವ ವರ್ಷ. ಅದನ್ನು ಮುಗಿಸದೆ ಔಷಧಿ ಚೀಟಿ ಬರೆಯುವಂತಿಲ್ಲ, ಸೂಜಿ ಮುಟ್ಟುವಂತಿಲ್ಲ. ಅದಕ್ಕೆ ಸೀಟು ಹಂಚುವವರು ಬೇರೆ. ಯಾವಾಗ ಹಂಚುತ್ತಾರೆ ಎಂದು ಕೇಳಿದರೆ 'ಪ್ರಕ್ರಿಯೆಯಲ್ಲಿದೆ' ಎಂಬ ಒಂದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ನಾನು ಪಾಸಾಗಿ ಮನೆಯಲ್ಲಿ ಕೂತೆ.

ಓಣಿಯವರಿಗೆ ಇದನ್ನು ತಿಳಿಸಿ ಹೇಳುವುದು ಪರೀಕ್ಷೆಗಿಂತ ಕಷ್ಟವಾಯಿತು. ಎದುರುಮನೆಯ ಮುದುಕಿ ಮೊಣಕಾಲು ಒತ್ತಿಕೊಳ್ಳುತ್ತ ಬಂದು ಕೂತಳು.

"ಡಾಕ್ಟರ್ ಆಗಿ ಬಂದಾಳ ಅಂತಾರ. ಒಂದು ಸೂಜಿ ಮಾಡಾಕ ಬರಲ್ಲೇನ್ ಬೇ ನಿನಗ?"

"ಬರ್ತದ ಆಯಿ. ಮಾಡೋ ಹಂಗಿಲ್ಲ."

"ಬರ್ತದಂತ, ಮಾಡೋ ಹಂಗಿಲ್ಲಂತ! ಹೊಲಕ್ಕ ಹೋಗಂದ್ರ ನಮ್ಮ ಮನಿಯಾಂವನೂ ಹಿಂಗೇ ಅಂತಿದ್ದ."

ಅವ್ವ ಒಳಗಿನಿಂದಲೇ ನಕ್ಕಳು. ನನಗೆ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು. ನನ್ನ ಜೊತೆ ಪಿಯುಸಿ ಓದಿ ಇಲ್ಲೇ ಕಾಲೇಜು ಸೇರಿದವರು ಆಗಲೇ ಇಂಟರ್ನ್‌ಶಿಪ್ ಮುಗಿಸಿ ಮುಂದಿನ ಓದಿಗೆ ಹೊರಟಿದ್ದರು. ನಾನು ಜೋಳದ ಹಿಟ್ಟು ಬೀಸಿಸಲು ಗಿರಣಿಯ ಪಾಳಿಯಲ್ಲಿ ನಿಂತಿದ್ದೆ. ಗಿರಣಿಯ ಪಾಳಿಯಾದರೂ ಮುಂದಕ್ಕೆ ಸರಿಯುತ್ತಿತ್ತು.

ಮನೆಯಲ್ಲಿ ನನ್ನ ಮುಖ ನೋಡಲಾರದೆ ಅವ್ವ ಒಂದು ದಿನ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಹೋಗು, ಅಪ್ಪಗ ಕೊಟ್ಟು ಬಾ. ಹೋದಷ್ಟು ಹೊತ್ತು ನನಗೂ ಆರಾಮ." ಹೀಗೆ ನಾನು ಮತ್ತೆ ಬೇವಿನ ಮರದ ಕೆಳಗೆ ಬಂದು ಬಿದ್ದೆ. ಆ ದಿನ ಜಿಡಗಾದ ಕಡೆಯ ಒಬ್ಬ ಹೆಣ್ಣುಮಗಳು ಪಿಂಚಣಿ ಅರ್ಜಿಗೆ ಬಂದಿದ್ದಳು. ಚೀಲದಿಂದ ಆಧಾರ್ ಕಾರ್ಡು ತೆಗೆಯುವಾಗ ಅದರ ಜೊತೆ ಸೋಲಾಪುರದ ಡಾಕ್ಟರರ ಚೀಟಿಯೂ ಹೊರಬಂತು. ಅಪ್ಪ ಅದನ್ನು ನನ್ನ ಕಡೆ ತಳ್ಳಿದ.

"ಇದ್ರಾಗ ಏನ್ ಬರದಾರ, ಓದಿ ಹೇಳು."

ಓದಿದೆ. ಮೂರು ಮಾತ್ರೆ. ಒಂದು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಒಂದು ಉಂಡ ಮೇಲೆ, ಒಂದು ಮಲಗುವಾಗ. ಆಕೆ ಇಷ್ಟು ದಿನ ಮೂರನ್ನೂ ಒಟ್ಟಿಗೆ ಬೆಳಿಗ್ಗೆ ಚಹಾದ ಜೊತೆ ನುಂಗುತ್ತಿದ್ದಳು. ಒಂದು ಬಿಳಿ ಹಾಳೆ ತೆಗೆದುಕೊಂಡು ಮಾತ್ರೆಯ ಬಣ್ಣ ಬರೆದು ಮುಂದೆ ಒಂದು ಸೂರ್ಯ, ಒಂದು ರೊಟ್ಟಿ, ಒಂದು ಚಂದ್ರ ಬಿಡಿಸಿ ಕೊಟ್ಟೆ. ಆಕೆ ರೊಟ್ಟಿಯ ಚಿತ್ರ ನೋಡಿ, "ಇಷ್ಟ್ ದುಂಡಗ ನನಗೂ ಬಡಿಯಾಕ ಬರಲ್ಲ" ಎಂದು ನಕ್ಕಳು.

ಮರುದಿನದಿಂದ ಕುಂಟು ಸ್ಟೂಲು ನನ್ನದಾಯಿತು. ಜನ ಪಹಣಿಯ ಜೊತೆ ಸ್ಕ್ಯಾನಿಂಗ್ ರಿಪೋರ್ಟನ್ನೂ ತರತೊಡಗಿದರು. 'ಚೀಟಿ ಓದೋ ಡಾಕ್ಟರಬಾಯಿ' ಎಂದು ಹೆಸರು ಬಿತ್ತು. ಅಪ್ಪ ಮೊದಲೇ ಗೆರೆ ಎಳೆದಿದ್ದ: ಬರೆದದ್ದನ್ನು ಓದಿ ಹೇಳು, ಹೊಸದೇನೂ ಬರೆಯಬೇಡ, ನಿನಗೆ ಇನ್ನೂ ಹಕ್ಕಿಲ್ಲ. ನಾನು ಆ ಗೆರೆ ದಾಟಲಿಲ್ಲ. ಮಟಕಿಯ ಒಬ್ಬ ಮುದುಕ ಇಬ್ಬರು ಡಾಕ್ಟರರ ಎರಡು ಚೀಟಿ ತಂದ. ಹೆಸರು ಬೇರೆ, ಔಷಧಿ ಒಂದೇ. ಎರಡನ್ನೂ ತಿಂದು ತಲೆ ತಿರುಗಿ ಬೀಳುತ್ತಿದ್ದ. ಎರಡೂ ಚೀಟಿ ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗು, ಎರಡನ್ನೂ ಒಟ್ಟಿಗೆ ತೋರಿಸು ಎಂದೆ. ಹದಿನೈದು ದಿನಕ್ಕೆ ಅವನು ನೆಟ್ಟಗೆ ನಡೆದುಕೊಂಡು ಬಂದು ಒಂದು ಹೊರೆ ಹಸಿ ಕಡಲೆ ಗಿಡ ಮೇಜಿನ ಮೇಲೆ ಇಟ್ಟ. ಅಪ್ಪ, ನಾನು, ಪಕ್ಕದ ಝೆರಾಕ್ಸ್ ಅಂಗಡಿಯವನು ಸಂಜೆತನಕ ಬಿಡಿಸಿ ತಿಂದೆವು. ಅಂದು ನನಗೆ ಸಿಟ್ಟು ಬಂದ ನೆನಪಿಲ್ಲ.

ಆದರೆ ದಿನಗಳು ಹೋಗುತ್ತಿದ್ದವು. ಮುಂದಿನ ಓದಿನ ಪರೀಕ್ಷೆಗೆ ಕೂರಬೇಕೆಂದರೆ ಇಂಟರ್ನ್‌ಶಿಪ್ ಇಂಥ ದಿನದೊಳಗೆ ಮುಗಿದಿರಬೇಕು ಎಂದು ಒಂದು ಗಡುವು ಇರುತ್ತದೆ. ಅದರಿಂದ ಹಿಂದಕ್ಕೆ ಒಂದು ವರ್ಷ ಎಣಿಸಿದರೆ, ನಾನು ಆಸ್ಪತ್ರೆ ಸೇರಬೇಕಾದ ಕೊನೆಯ ವಾರ ಕಣ್ಣೆದುರೇ ಇತ್ತು. ಒಂದು ದಿನ ತಡವಾದರೆ ಒಂದು ವರ್ಷ ತಡ. ಅಪ್ಪನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತಿತ್ತು, ಅರ್ಜಿ ಬರೆಸುವವರು ಕಂಪ್ಯೂಟರ್ ಅಂಗಡಿಗೆ ಹೋಗತೊಡಗಿದ್ದರು. ಇನ್ನೂ ಒಂದು ವರ್ಷ ಈ ಮನೆ ನನ್ನನ್ನು ಹೊರುವುದು ಹೇಗೆ ಎಂದು ಅವ್ವ ಕೇಳಲಿಲ್ಲ, ಕೇಳದೇ ಇದ್ದದ್ದು ನನಗೆ ಕೇಳುತ್ತಿತ್ತು.

ಆ ಕೊನೆಯ ವಾರದಲ್ಲೇ ಸೀಟು ಬಂತು. ಆಸ್ಪತ್ರೆ ಯಾವುದು, ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿ ನನಗೆ ಕಲಿಸಿದವರು ಒಳ್ಳೆಯವರು, ಮತ್ತು ನಾನು ಹೇಳುವ ಕಾಗದ ಅಲ್ಲೊಂದೇ ಕಡೆ ಇದ್ದದ್ದೂ ಅಲ್ಲ.

ಅಪ್ಪ ನನ್ನ ಜೊತೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಅದೇ ಹಳೆಯ ಚೀಲ. ಚೀಲದಲ್ಲಿ ಶಾಯಿ ಪ್ಯಾಡು, ಬಿಳಿ ಹಾಳೆ, ಎರಡು ಪೆನ್ನು. ಮದುವೆಗೆ ಹೋದರೂ ಅವನು ಅದನ್ನು ಬಿಡುವುದಿಲ್ಲ. ಆಸ್ಪತ್ರೆಯ ಕಚೇರಿಯ ಮೊಗಸಾಲೆಯಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಒಬ್ಬ ಅಫಜಲಪುರದ ಹುಡುಗ, ನನಗಿಂತ ಒಂದು ವರ್ಷ ಚಿಕ್ಕವನು, ಒಬ್ಬನೇ ಬಂದಿದ್ದ. ಇನ್ನೊಬ್ಬಳು ಜೇವರ್ಗಿ ತಾಲೂಕಿನ ಕೊಳಕೂರದವಳು, ತಾಯಿಯ ಜೊತೆ ಬಂದಿದ್ದಳು. ಗುಮಾಸ್ತರು ನಮ್ಮ ಹೆಸರು ಓದುವ ಗೋಜಿಗೇ ಹೋಗಲಿಲ್ಲ. ಕಡತದಲ್ಲಿ ಊರು ನೋಡಿ, "ಆಳಂದ ಬರ್ರಿ, ಅಫಜಲಪುರ ಬರ್ರಿ, ಜೇವರ್ಗಿ ಬರ್ರಿ" ಎಂದು ಕರೆದರು. ಆಮೇಲೆ ಇಡೀ ವರ್ಷ ನಮ್ಮ ನಮ್ಮಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಪ್ರಮಾಣಪತ್ರಗಳನ್ನೆಲ್ಲ ನೋಡಿದ ಮೇಲೆ ಗುಮಾಸ್ತರು ಮೂವರ ಕೈಗೂ ಒಂದೊಂದು ಬಾಂಡ್ ಪೇಪರ್ ಕೊಟ್ಟರು. ಇಂಗ್ಲಿಷಿನಲ್ಲಿ ಟೈಪಾಗಿತ್ತು. ಕೆಳಗೆ ನಮ್ಮ ಸಹಿಗೆ ಒಂದು ಗೆರೆ, ಪಾಲಕರ ಸಹಿಗೆ ಇನ್ನೊಂದು.

"ಇದಕ್ಕ ಸಹಿ ಹಾಕಿ ಕೊಡ್ರಿ. ಇವತ್ತ ಕೊಟ್ರ ಇವತ್ತೇ ಜಾಯಿನಿಂಗ್. ಹೊರದೇಶದಾಗ ಓದಿದೋರು ಎಲ್ಲಾರೂ ಕೊಡ್ತಾರ. ಬ್ಯಾಡಂದ್ರ ಬಿಡ್ರಿ, ನಿಮ್ಮ ಸೀಟಿಗೆ ಕಾಯೋರು ಬಹಳ ಮಂದಿ ಅದಾರ."

ಜೇವರ್ಗಿಯ ತಾಯಿ ಓದು ಬರಹ ಬಾರದವಳು. ಬೆಳಗಿನಿಂದ ನಮ್ಮಪ್ಪನ ಜೊತೆ ಮಾತಾಡಿ ಅವನ ಕೆಲಸ ಏನೆಂದು ತಿಳಿದುಕೊಂಡಿದ್ದಳು. ನೇರವಾಗಿ ಅವನ ಮುಂದೆ ಹೋಗಿ ಮಗಳ ಕಾಗದ ಹಿಡಿದಳು.

"ಅಣ್ಣಾರ, ನೀವು ಕಾಗದ ಓದೋ ಮಂದಿ. ಇದ್ರಾಗ ಏನ್ ಬರದಾರ, ಜರಾ ಓದ್ರಿ. ಆಮ್ಯಾಲ ಒತ್ತುತೇನಿ."

ಅಪ್ಪ ಕನ್ನಡಕ ಏರಿಸಿಕೊಂಡ. ಅವನ ಇಂಗ್ಲಿಷು ನಿಧಾನ, ಆದರೆ ಓದಿ ತಿಳಿದುಕೊಳ್ಳುವಷ್ಟು ಬರುತ್ತದೆ. ಅವನ ಕಣ್ಣು ಸಾಲಿನಿಂದ ಸಾಲಿಗೆ ಇಳಿದು ಕೊನೆಯ ಸಾಲಿನಲ್ಲಿ ನಿಂತಿತು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದ, ನನ್ನನ್ನು ನೋಡಿದ. ಕಾಗದವನ್ನು ಮಡಚಿ ಆಕೆಯ ಕೈಗೆ ವಾಪಸ್ ಕೊಟ್ಟ.

"ಏನಿಲ್ರಿ ಅಕ್ಕಾರ. ಆಫೀಸಿನ ಕಾಗದ. ಎಲ್ಲಾರೂ ಹಾಕ್ತಾರಂತ. ಒತ್ತರಿ."

ಹೀಗೆ ಹೇಳಿ ಚೀಲದಿಂದ ಶಾಯಿ ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದ. ಆಮೇಲೆ ಪೆನ್ನು ತೆಗೆದು ನನ್ನ ಕಡೆ ಚಾಚಿದ. "ಹಾಕ್ಬಿಡು ಬೇ. ಓದಬ್ಯಾಡ. ಓದಿದ್ರ ಕೈ ಬರಂಗಿಲ್ಲ."

ನಾನು ಅವನ ಮುಖ ನೋಡಿದೆ. ನನ್ನ ಬಾಲ್ಯದ ಆಟಗಳನ್ನೆಲ್ಲ 'ಕುಂದ್ರು, ಕೇಳು' ಎಂದು ತಿಂದುಹಾಕಿದ ಮನುಷ್ಯ ಇವನೇನಾ ಅನಿಸಿತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಮಟಕಿಯೊಳಗ ಅಜ್ಜಗೂ ಹಿಂಗೇ ಅಂದಿರಬೇಕು ಅಪ್ಪಾ. ಏನಿಲ್ಲ, ಒತ್ತು ಅಂತ."

ಆಡಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಗೋಡೆಗೆ ಆನಿಸಿದ್ದ ಬೆಂಚಿನ ಮೇಲೆ ಮೆಲ್ಲಗೆ ಕೂತ. ಪೆನ್ನು ಚಾಚಿದ ಕೈ ತೊಡೆಯ ಮೇಲೆ ಬಂತು. ಆದರೆ ಆ ಹೊತ್ತಿಗೆ ಜೇವರ್ಗಿಯ ತಾಯಿ ಹೆಬ್ಬೆರಳು ಮೇಲೆತ್ತಿಕೊಂಡು ನಿಂತೇ ಇದ್ದಳು. ನಾನು ಆಕೆಯ ಕೈಯಿಂದ ಕಾಗದ ತೆಗೆದುಕೊಂಡು ಓದಿದೆ. ಅಪ್ಪ ಓದುವಂತೆಯೇ, ಗಟ್ಟಿಯಾಗಿ, ಕನ್ನಡದಲ್ಲಿ, ಒಂದು ಮಾತೂ ನುಂಗದೆ.

'ನಾನು ನನ್ನ ಸ್ವಂತ ಇಚ್ಛೆಯಿಂದ ಈ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಈ ಅವಧಿಗೆ ನನಗೆ ಯಾವ ಸ್ಟೈಪೆಂಡೂ ಬೇಕಾಗಿಲ್ಲ. ಮುಂದೆ ಎಂದೂ ಕೇಳುವುದಿಲ್ಲ. ಇದನ್ನು ಯಾರ ಒತ್ತಾಯವೂ ಇಲ್ಲದೆ, ಓದಿ ತಿಳಿದುಕೊಂಡು, ಸಂತೋಷದಿಂದ ಬರೆದುಕೊಟ್ಟಿದ್ದೇನೆ.'

ಮೊಗಸಾಲೆಯಲ್ಲಿ ಬೇರೆ ಕೆಲಸಕ್ಕೆ ನಿಂತವರೂ ತಿರುಗಿ ನೋಡಿದರು. ಜೇವರ್ಗಿಯ ತಾಯಿ ಮಗಳ ಕಡೆ ತಿರುಗಿದಳು.

"ಸ್ಟೈಪೆಂಡ್ ಅಂದ್ರ ಪಗಾರ ಹೌದಿಲ್ಲ? ಬ್ಯಾಡ ಅಂತ ನೀ ಅಂದೀಯೇನ್ ಬೇ?"

"ಇಲ್ಲವ್ವ. ನಾ ಎಲ್ಲಿ ಅಂದೀನಿ?"

"ಮತ್ತ ನೀ ಅನ್ನದ ಮಾತು ಕಾಗದಕ್ಕ ಹೆಂಗ್ ಗೊತ್ತಾತು?" ಎಂದು ಆಕೆ ಗುಮಾಸ್ತರನ್ನೇ ಕೇಳಿದಳು. "ಇಲ್ಲೇ ಓದಿದ ಹುಡುಗರು ಈ ದವಾಖಾನಿಯಾಗ ಇದೇ ಕೆಲಸ ಮಾಡ್ತಾರಲ್ರಿ, ಅವರಿಗೂ ಕೊಡಲ್ಲೇನ್ರಿ?"

"ಅವರಿಗೆ ಕೊಡ್ತಾರಮ್ಮ."

"ನಾ ಮಂದಿ ಹೊಲಕ್ಕ ಕಳೆ ತೆಗಿಯಾಕ ಹೋದ್ರೂ, ಕೂಲಿ ಬ್ಯಾಡ್ರಿ ಅಂತ ಸಂತೋಷದಿಂದ ಬರಕೊಟ್ಟು ಹೋಗಲ್ರಿ."

ಆಕೆ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಗುಮಾಸ್ತರು ಕೆಟ್ಟವರೇನಲ್ಲ. ಅವರ ಮುಖ ಬಾಡಿತು. ತನಗೂ ಮೇಲಿನಿಂದ ಹಾಗೆಯೇ ಹೇಳಿದ್ದಾರೆ, ಈ ಕುರ್ಚಿಗೆ ತಾನು ಬರುವ ಮೊದಲಿನಿಂದಲೂ ಈ ಕಾಗದ ಇದೆ ಎಂದರು. ಎಲ್ಲರಿಗೂ ಒಂದೇ ಸ್ಟೈಪೆಂಡ್ ಎಂದು ನಿಯಮ ಹೇಳುತ್ತದೆ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ತಾನೇ ನಮ್ಮ ಕೈಯಿಂದ 'ಬೇಡ' ಎಂದು ಬರೆಸಿಕೊಳ್ಳುವುದು. ಅಫಜಲಪುರ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ.

"ಅಕ್ಕಾ, ಸೀಟ್ ಹೋದ್ರ? ಮನ್ಯಾಗ ಅಮ್ಮೀಗೆ ಏನ್ ಹೇಳ್ಲಿ? ಸಹಿ ಹಾಕಿದ್ರ ಪಗಾರ ಹೋತು, ಹಾಕಲಿಲ್ಲಂದ್ರ ಇಡೀ ವರ್ಷಾನೇ ಹೋತು."

ಅತ್ತ ದರಿ, ಇತ್ತ ಪುಲಿ. ಓದಿಯೇನೋ ಹೇಳಿದೆ, ಓದಿ ಹೇಳಿದ ಮೇಲೆ ಏನು ಎಂಬುದು ನನಗೆ ತಿಳಿಯಲಿಲ್ಲ. ಸಿಟ್ಟು ಇಳಿಯಿತು. ಇವರಿಬ್ಬರ ವರ್ಷವನ್ನೂ ನಾನೇ ಮುಳುಗಿಸಿದೆನೇನೋ ಎಂದು ಹೆದರಿದೆ.

ಆಗ ಅಪ್ಪ ಬೆಂಚಿನಿಂದ ಎದ್ದ. ಶಾಯಿ ಪ್ಯಾಡಿನ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದ. ಬಿಳಿ ಹಾಳೆ, ಮಧ್ಯೆ ಎರಡು ಕಾರ್ಬನ್ ಹೊರಗೆ ತೆಗೆದ. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ನಿಂತುಕೊಂಡೇ ಬರೆಯತೊಡಗಿದ. ಅವನು ಬರೆಯುವಾಗ ತುಟಿ ಅಲುಗುತ್ತದೆ. ಬರೆದು ಮುಗಿಸಿ, ಗುಮಾಸ್ತರ ಮೇಜಿನ ಮುಂದೆ ನಿಂತು, 'ಮಾನ್ಯರೇ' ಎಂಬಲ್ಲಿಂದ ಓದಿದ. ಈ ಕೆಳಗೆ ಸಹಿ ಮಾಡಿದ ಮೂವರು ಇಂದು ಬೆಳಿಗ್ಗೆ ಕೆಲಸಕ್ಕೆ ಹಾಜರಾಗಿದ್ದೇವೆ. ಹೇಳಿದ ಯಾವ ಡ್ಯೂಟಿಯನ್ನಾದರೂ ಇವತ್ತಿನಿಂದಲೇ ಮಾಡಲು ತಯಾರಿದ್ದೇವೆ. ನಮಗೆ ಕೊಟ್ಟ ಬಾಂಡನ್ನು ಓದಿ ಕೇಳಿದ್ದೇವೆ. ಸ್ಟೈಪೆಂಡ್ ಬೇಡ ಎಂಬುದು ನಮ್ಮ ಮಾತಲ್ಲವಾದ್ದರಿಂದ ಅದಕ್ಕೆ ಸಹಿ ಮಾಡಲಾರೆವು. ಆ ಬಾಂಡ್ ಇಲ್ಲದೆ ನಮ್ಮನ್ನು ಸೇರಿಸಿಕೊಳ್ಳಬೇಕು. ಸೇರಿಸಿಕೊಳ್ಳಲು ಬಾರದಿದ್ದರೆ ಅದರ ಕಾರಣವನ್ನು ಇಂದಿನ ತಾರೀಖು ಹಾಕಿ ಬರವಣಿಗೆಯಲ್ಲಿ ಕೊಡಬೇಕು.

ಅಫಜಲಪುರ ಒಂದು ಗಳಿಗೆ ನೆಲ ನೋಡಿದ. ಆಮೇಲೆ ಎಲ್ಲರಿಗಿಂತ ಮೊದಲು ಅವನೇ ಸಹಿ ಹಾಕಿದ.

"ಆಫೀಸಿನ ಸಿಕ್ಕಾ ಒತ್ತಿ ಒಂದು ಪ್ರತಿ ನಮಗ ಕೊಡ್ರಿ ಸಾಹೇಬ್ರ" ಎಂದ ಅಪ್ಪ. "ಇಲ್ಲಂದ್ರ, ತಗೊಳ್ಳಲ್ಲ ಅಂತ ಬರದು ಕೊಡ್ರಿ."

"ಹಂಗ ಯಾರು ಬರದು ಕೊಡ್ತಾರ್ರಿ ಮಾಸ್ತರ್?"

"ನಾ ಹರೇದಾಗಿಂದ ಅದೇ ಕೆಲಸ ಮಾಡಾಕತ್ತೇನಿ. ನೀವ್ ಹೇಳ್ರಿ, ನಾನೇ ಬರದು ಕೊಡ್ತೇನಿ. ಸಹಿ ಅಷ್ಟೇ ನಿಮ್ದು."

ಗುಮಾಸ್ತರಿಗೆ ನಗು ಬಂತೋ ಬೇಸರ ಬಂತೋ, ಅರ್ಜಿ ಹಿಡಿದುಕೊಂಡು ಒಳಗೆ ಹೋದರು. ನಾವು ಕಾದೆವು. ಜೇವರ್ಗಿಯ ತಾಯಿ ಬುತ್ತಿ ಬಿಚ್ಚಿ ಎಲ್ಲರ ಕೈಗೂ ರೊಟ್ಟಿ, ನಮ್ಮ ಕಡೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಇಟ್ಟಳು. ಅಪ್ಪ ನನ್ನ ಕಡೆ ನೋಡಲಿಲ್ಲ, ನಾನು ಅವನ ಕಡೆ ನೋಡಲಿಲ್ಲ. ರೊಟ್ಟಿ ಮಾತ್ರ ಇಬ್ಬರೂ ತಿಂದೆವು.

ಮಧ್ಯಾಹ್ನ ದಾಟಿದ ಮೇಲೆ ಆಸ್ಪತ್ರೆಯ ಮುಖ್ಯಸ್ಥೆ ತಾವೇ ಹೊರಗೆ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ ಡಾಕ್ಟರಮ್ಮ, ಕೈಯಲ್ಲಿ ನಮ್ಮ ಅರ್ಜಿ.

"ಇದನ್ನ ಬರದೋರು ಯಾರು?"

ಅಪ್ಪ ಎದ್ದು ನಿಂತ. ಅವರು ಅವನ ಚೀಲ ನೋಡಿದರು, ಶಾಯಿ ಹತ್ತಿದ ಬೆರಳು ನೋಡಿದರು. "ತಪ್ಪು ಹುಡುಕಾಕ ಎರಡು ಸಲ ಓದಿದೆ. ಸಿಗಲಿಲ್ಲ" ಎಂದರು. ಆಮೇಲೆ ಗುಮಾಸ್ತರಿಗೆ, "ಇವರನ್ನ ಇವತ್ತೇ ಜಾಯಿನ್ ಮಾಡಸ್ಕೋರಿ. ಬಾಂಡ್ ಬ್ಯಾಡ. ಸಿಕ್ಕಾ ಒತ್ತಿ ಪ್ರತಿ ಕೊಡ್ರಿ." ನಮ್ಮ ಮೂವರ ಕಡೆ ತಿರುಗಿ ಹೇಳಿದರು: "ಸ್ಟೈಪೆಂಡ್ ಒಂದೇ ನನ್ನ ಕೈಯಾಗಿಲ್ಲ. ಮ್ಯಾಲಕ್ಕ ಬರೀತೇನಿ. ಬಂದೇ ಬರ್ತದ ಅಂತ ಸುಳ್ಳು ಹೇಳಂಗಿಲ್ಲ. ವಾರ್ಡಿಗೆ ಹೋಗ್ರಿ, ಅಲ್ಲಿ ಕೈ ಕಮ್ಮಿ ಅದಾವ."

ಗಡುವಿನೊಳಗೆ ಸೇರಿದೆವು. ಅಪ್ಪನನ್ನು ಗೇಟಿನ ತನಕ ಬಿಡಲು ಹೋದೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, "ಹೆದರಿದ್ದೆ ಬೇ. ಮಂದಿ ಕಾಗದಕ್ಕ ನಾ ಎಂದೂ ಹೆದರಿದಾಂವಲ್ಲ. ನಿನ್ನ ಕಾಗದಕ್ಕ ಹೆದರಿದೆ." ಇಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದ. ನಾನು ಗೇಟಿನ ಬಳಿ ನಿಂತು ಅತ್ತೆ. ಮೊದಲ ದಿನದ ಬಿಳಿ ಕೋಟಿನ ತೋಳಲ್ಲೇ ಕಣ್ಣು ಒರೆಸಿಕೊಂಡೆ.

ಆಮೇಲಿನ ತಿಂಗಳುಗಳು ಕಷ್ಟದವೇ. ರಕ್ತ ತೆಗೆದೆವು, ಡ್ರಿಪ್ ಹಾಕಿದೆವು, ಸ್ಟ್ರೆಚರ್ ತಳ್ಳಿದೆವು, ಹೆರಿಗೆ ವಾರ್ಡಿನಲ್ಲಿ ನಿಂತುಕೊಂಡೇ ತೂಕಡಿಸಿದೆವು. ಇಲ್ಲೇ ಓದಿದವರ ಮೊಬೈಲಿಗೆ ಸ್ಟೈಪೆಂಡಿನ ಸಂದೇಶ ಬಂದ ದಿನ ನಾವು ಮೂವರು ಕ್ಯಾಂಟೀನಿಗೆ ಹೋಗುತ್ತಿರಲಿಲ್ಲ. ಅವ್ವ ರೊಟ್ಟಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದಳು, ಕೊಳಕೂರದಿಂದ ಶೇಂಗಾ ಹಿಂಡಿ ಬರುತ್ತಿತ್ತು, ಅಫಜಲಪುರದ ಅಮ್ಮೀ ಕಳಿಸುವ ಉಪ್ಪಿನಕಾಯಿಗೆ ನ್ಯಾಯವಾಗಿ ಮೂರು ಪಾಲಾಗುತ್ತಿತ್ತು. ಮೂರು ತಾಲೂಕು ಒಂದೇ ತಟ್ಟೆಯಲ್ಲಿ ಉಂಡ ವರ್ಷ ಅದು. ಕೆಲಸ ಮಾತ್ರ ನಾನು ಬಯಸಿದ್ದಕ್ಕಿಂತ ಚೆನ್ನಾಗಿತ್ತು. ಮೊದಲ ಸಲ ನನ್ನ ಕೈಯಲ್ಲಿ ಹಾಕಿದ ಹೊಲಿಗೆ ಕೂಡಿಕೊಂಡು ಗಾಯ ಒಣಗಿದ್ದನ್ನು ನೋಡಿದ ದಿನ ಹಸಿವೇ ಆಗಲಿಲ್ಲ.

ಅಪ್ಪ ಪ್ರತಿ ತಿಂಗಳೂ ಒಂದು ನೆನಪೋಲೆ ಬರೆದು, ಸಿಕ್ಕಾ ಒತ್ತಿದ ಪ್ರತಿಯ ಝೆರಾಕ್ಸ್ ಲಗತ್ತಿಸಿ ಮೇಲಕ್ಕೆ ಕಳಿಸುತ್ತಿದ್ದ. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ಹಿಂದಿನ ನೆನಪೋಲೆಯ ನೆನಪೋಲೆ. ನಮಗಿಂತ ಮೊದಲು ಬಾಂಡಿಗೆ ಸಹಿ ಹಾಕಿದ್ದವರೂ ಅವನನ್ನು ಹುಡುಕಿಕೊಂಡು ಆಳಂದಕ್ಕೆ ಬಂದರು. ಹಾಕಿದ ಸಹಿಗೆ ಮದ್ದಿಲ್ಲ ಎಂದು ಅವನು ಹೇಳಲಿಲ್ಲ, ಅವರಿಗೂ ಬರೆದುಕೊಟ್ಟ. ನಮ್ಮ ನಂತರದ ತಂಡ ಸೇರುವಾಗ ಗುಮಾಸ್ತರ ಮೇಜಿನ ಮೇಲೆ ಆ ಕಾಗದ ಇರಲಿಲ್ಲ. ಡಾಕ್ಟರಮ್ಮ ನಿವೃತ್ತರಾಗುವ ಮುನ್ನ ಮಾಡಿದ ಕೊನೆಯ ಕೆಲಸಗಳಲ್ಲಿ ಅದೂ ಒಂದೆಂದು ಗುಮಾಸ್ತರೇ ಹೇಳಿದರು. ಹೇಳುವಾಗ ಅವರ ಮುಖ ಹಗುರಾಗಿತ್ತು.

ವರ್ಷದ ಕೊನೆಗೆ ನಮ್ಮನ್ನು ತಾಲೂಕು ಆಸ್ಪತ್ರೆಗೆ ಕಳಿಸುತ್ತಾರೆ. ನನಗೆ ಜೇವರ್ಗಿ ಬಂತು. ಒಂದು ಬೆಳಿಗ್ಗೆ ಆಪರೇಷನ್ನಿಗೆ ಬಂದ ಹೆಣ್ಣುಮಗಳ ಒಪ್ಪಿಗೆ ಪತ್ರ ನನ್ನ ಕೈಯಲ್ಲಿತ್ತು. ಎಲ್ಲಿ ಒತ್ತಬೇಕು ಎಂದು ಅವಳು ಬೆರಳು ಮುಂದೆ ಚಾಚಿದಳು. ಮೊದಲು ಕೇಳಬೇಕು ಎಂದು ಅವಳ ಮಂಚದ ಪಕ್ಕ ಕೂತೆ. ಓದಿ, ಏನು ಮಾಡುತ್ತೇವೆ, ಏನಾಗಬಹುದು ಎಂದು ಹೇಳಿ ಮುಗಿಸುವಷ್ಟರಲ್ಲಿ ನರ್ಸಕ್ಕ ಬಾಗಿಲಿಗೆ ಎರಡು ಸಲ ಬಂದು ಹೋದರು. ನಾನು ಏಳಲಿಲ್ಲ. ರಕ್ತದ ಗುಣ ಅಂದರೆ ಇದೇ ಇರಬೇಕು.

ಆದೇಶ ಬಂದದ್ದು ಅದೇ ವಾರ. ಇಲ್ಲಿ ಓದಿದವರಿಗೆ ಎಷ್ಟೋ ನಮಗೂ ಅಷ್ಟೇ, ಸೇರಿದ ದಿನದಿಂದಲೇ. ಅಫಜಲಪುರ ಫೋನಿನಲ್ಲಿ ಕಿರುಚಿದ ರಭಸಕ್ಕೆ ಏನು ಹೇಳಿದನೆಂದು ಮೂರು ಸಲ ಕೇಳಬೇಕಾಯಿತು. ಬ್ಯಾಂಕಿನ ವಿವರ ತುಂಬಿ ಸಹಿ ಹಾಕಿ ಕೊಡಲು ಒಂದು ಫಾರಂ ಕಳಿಸಿದ್ದರು. ಪಾಸ್‌ಬುಕ್ಕು ಆಳಂದದ ಮನೆಯಲ್ಲಿತ್ತು. ಮರುದಿನ ಅಪ್ಪ ಅದನ್ನು ತೆಗೆದುಕೊಂಡು ಜೇವರ್ಗಿಗೆ ಬಂದ. ಜೊತೆಗೆ ಅವ್ವ ಕೊಟ್ಟ ಹೋಳಿಗೆ.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತೆವು. ವಾಪಸ್ ಹೋಗುವ ಕಲಬುರಗಿ ಬಸ್ಸು ಎದುರಿಗೇ ನಿಂತಿತ್ತು. ನಾನು ಫಾರಂ ತುಂಬಿ, ಸಹಿ ಹಾಕಲು ಪೆನ್ನು ಕೇಳಿದೆ. ಅಪ್ಪ ಪೆನ್ನು ಕೊಡಲಿಲ್ಲ. ಫಾರಂ ನನ್ನ ಕೈಯಿಂದ ತೆಗೆದುಕೊಂಡು ಕನ್ನಡಕ ಏರಿಸಿಕೊಂಡ.

"ಅಪ್ಪಾ, ಬರೇ ಬ್ಯಾಂಕಿನ ಫಾರಂ ಅದು. ನಾ ಓದೀನಿ. ಬಸ್ ಬಿಡ್ತದ ನೋಡು."

"ಅವತ್ತ ನಾ ಓದಿ ಹೇಳಲಿಲ್ಲ" ಎಂದ ಅಪ್ಪ. "ಕುಂದ್ರು, ಕೇಳು."

ಇಂಗ್ಲಿಷಿನ ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತ ಹೋದ. ಮೇಲಿನ ಕಚೇರಿಯ ವಿಳಾಸ, ಕಡತದ ಸಂಖ್ಯೆ, ನನ್ನ ಹೆಸರು, ನನ್ನ ಹೆಸರಿನ ಹಿಂದಿದ್ದ 'ಡಾಕ್ಟರ್'. ಅಲ್ಲಿ ಒಂದು ಸಲ ನಿಂತು, ಮತ್ತೆ ಓದಿದ. ಪಕ್ಕದಲ್ಲಿ ಕೂತಿದ್ದವರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಕೊನೆಯ ಸಾಲು ಮುಗಿಸಿ ಫಾರಂ ನನ್ನ ತೊಡೆಯ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟ.

"ಓದಿ ಹೇಳೀನಿ. ಒಪ್ಪಿಗೆ ಇದ್ರ ಸಹಿ ಹಾಕು, ತಾಯಿ."

ಹಾಕಿದೆ. ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಇನ್ನೊಂದು ಬರುತ್ತದೆ ಎಂದು ಇಬ್ಬರೂ ಹೋಳಿಗೆ ಬಿಚ್ಚಿ ಕೂತೆವು.